ಮನೆಯಲ್ಲೇ ಕತೆಯ ಹುಟ್ಟುಹಬ್ಬ: ಯಾವ ಕತೆ, ಎಷ್ಟು ಕೆಲಸ, ಯಾವ ವಯಸ್ಸಿಗೆ?

ಥೀಮ್ ಪಾರ್ಟಿ ಅಂದ ಕೂಡಲೇ ಹೆಚ್ಚಿನವರು ಮೊದಲು ಬಣ್ಣ ಆರಿಸುತ್ತಾರೆ. ಗುಲಾಬಿ ಬಲೂನು, ನೀಲಿ ಪರದೆ, ಬಂಗಾರದ ಬಣ್ಣದ ಕಿರೀಟ, ಅದಕ್ಕೆ ಹೊಂದುವ ಕೇಕು. ಕತೆಯ ವಿಚಾರ ಬರುವುದು ಆಮೇಲೆ. ಎಷ್ಟೋ ಮನೆಗಳಲ್ಲಿ ಅದು ಬರುವುದೇ ಇಲ್ಲ, ಬಾಗಿಲ ಮೇಲಿನ ಬೋರ್ಡಿನಲ್ಲಿ ಕತೆಯ ಹೆಸರಿದ್ದರೆ ಮುಗೀತು.

ನಾನು ಇದನ್ನು ಉಲ್ಟಾ ಮಾಡಬೇಕು ಅನ್ನುತ್ತೇನೆ. ಮೊದಲು ಕತೆ ಆರಿಸಿ. ಆರಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಬಂದ ಮಕ್ಕಳಿಗೆಲ್ಲ ಈ ಕತೆಯಲ್ಲಿ ಏನಾದರೂ ಕೆಲಸ ಇದೆಯಾ? ಹತ್ತು ಮಕ್ಕಳು ಬಂದಿದ್ದಾರೆ, ಒಬ್ಬಳು ರಾಜಕುಮಾರಿ, ಮಿಕ್ಕ ಒಂಬತ್ತು ಜನ ಅವಳ ಫೋಟೊ ತೆಗೆಯುವುದನ್ನು ನೋಡಬೇಕು ಅಂದರೆ ಹತ್ತು ನಿಮಿಷ ಆಗುವುದರೊಳಗೆ ಸೋಫಾ ಮೇಲೆ ಕುಸ್ತಿ ಶುರುವಾಗುತ್ತದೆ. ಅದರಲ್ಲಿ ಮಕ್ಕಳ ತಪ್ಪೇನೂ ಇಲ್ಲ.

ಈ ಅಳತೆ ಇಟ್ಟುಕೊಂಡು ನಾಲ್ಕು ಕತೆಗಳನ್ನು ಹೋಲಿಸೋಣ. ಮೂರು ಯುರೋಪಿನವು, ಒಂದು ನಮ್ಮ ಅಜ್ಜಿಯರದ್ದು. ಐದನೆಯದೊಂದು ತೀರಾ ಚಿಕ್ಕ ಮಕ್ಕಳಿಗೆ.

ಸಿಂಡರೆಲ್ಲಾ: ಗೌನಿಗಿಂತ ಇಲಿಗಳಲ್ಲೇ ಮಜಾ

ಇದನ್ನು ಕೇಳುವ ಮಕ್ಕಳೇ ಜಾಸ್ತಿ. ಬೇಡ ಅನ್ನುವುದು ಸುಲಭ ಅಲ್ಲ. ಆದರೆ ಯಾವ ಸಿಂಡರೆಲ್ಲಾ ಅನ್ನುವುದನ್ನು ಮೊದಲೇ ತೀರ್ಮಾನಿಸಿ. ಫ್ರಾನ್ಸಿನ ಶಾರ್ಲ್ ಪೆರೋ 1697ರಲ್ಲಿ ಅಚ್ಚು ಹಾಕಿಸಿದ ಕತೆಯಲ್ಲಿ ಕುಂಬಳಕಾಯಿ ಸಾರೋಟು, ಮಾಯಾವಿ ಧರ್ಮತಾಯಿ, ಗಾಜಿನ ಚಪ್ಪಲಿ ಎಲ್ಲ ಇವೆ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಕೊಟ್ಟ ಕತೆಯಲ್ಲಿ ಕುಂಬಳಕಾಯಿಯೇ ಇಲ್ಲ. ತಾಯಿಯ ಸಮಾಧಿಯ ಮೇಲೆ ಬೆಳೆದ ಮರ, ಸಹಾಯಕ್ಕೆ ಬರುವ ಹಕ್ಕಿಗಳು ಇವೆ. ಜೊತೆಗೆ ಚಪ್ಪಲಿ ಹಿಡಿಸಲಿ ಅಂತ ಅಕ್ಕಂದಿರು ಕಾಲಿನ ಬೆರಳು, ಹಿಮ್ಮಡಿ ಕತ್ತರಿಸಿಕೊಳ್ಳುವ ಭಾಗವೂ ಇದೆ. ಪಾರ್ಟಿಗೆ ಪೆರೋ ಹೇಳಿದ್ದೇ ಸರಿ, ಅಲ್ವಾ?

ಪೆರೋ ಕತೆಯಲ್ಲಿ ನಮಗೆ ಉಪಯೋಗಕ್ಕೆ ಬರುವ ಇನ್ನೊಂದು ಸಂಗತಿ ಇದೆ. ಆರು ಇಲಿಗಳು ಕುದುರೆಗಳಾಗುತ್ತವೆ. ಒಂದು ಹೆಗ್ಗಣ ಸಾರೋಟು ಓಡಿಸುವವನಾಗುತ್ತದೆ. ಆರು ಹಲ್ಲಿಗಳು ಸೇವಕರಾಗುತ್ತವೆ. ಕೂಡಿಸಿದರೆ 13 ಪಾತ್ರ. ಹೆಗ್ಗಣ ಆಗುವುದಕ್ಕೆ ಮಕ್ಕಳು ಹೇಗೆ ಜಗಳ ಆಡುತ್ತಾರೆ ಅಂತ ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ. ಗೌನು ಹಾಕಲು ಒಪ್ಪದ ಹುಡುಗರಿಗೆ ಇದು ವರ. ಬೂದು ಚಾರ್ಟಿನಲ್ಲಿ ಕಿವಿ, ಹಳೇ ದುಪಟ್ಟಾದ ಬಾಲ, ಇಷ್ಟೇ ವೇಷ. ದೊಡ್ಡ ರಟ್ಟಿನ ಡಬ್ಬಕ್ಕೆ ಕಿತ್ತಳೆ ಬಣ್ಣ ಬಳಿದು ಹಗ್ಗ ಕಟ್ಟಿದರೆ ಸಾರೋಟು ರೆಡಿ.

ಆಟದ ವಿಷಯಕ್ಕೆ ಬಂದರೆ ನಮ್ಮ ಮನೆಗಳಿಗೆ ಒಂದು ಅನುಕೂಲ ಇದೆ. ಎಲ್ಲರೂ ಚಪ್ಪಲಿ ಬಾಗಿಲ ಹೊರಗೇ ಬಿಟ್ಟು ಬರುತ್ತಾರೆ. ಆ ಚಪ್ಪಲಿಗಳನ್ನೆಲ್ಲ ಒಂದು ಚಾದರದ ಮೇಲೆ ಸುರಿದು ಕಲಸಿ. ಒಬ್ಬೊಬ್ಬ ಮಗು ಒಂದು ಚಪ್ಪಲಿ ಎತ್ತಿಕೊಂಡು ಅದರ ಜೋಡಿಯನ್ನೂ ಯಜಮಾನನನ್ನೂ ಹುಡುಕಬೇಕು. ಒಂದು ಪೈಸೆ ಖರ್ಚಿಲ್ಲ. ಇನ್ನೊಂದು, ಹನ್ನೆರಡು ಗಂಟೆಯ ಆಟ. ಹಾಡು ಹಾಕಿ ಎಲ್ಲರೂ ಕುಣಿಯಬೇಕು. ನಡುವೆ ಯಾವಾಗ ಬೇಕಾದರೂ ನೀವು ಸ್ಟೀಲ್ ತಟ್ಟೆ ಬಾರಿಸಲು ಶುರು ಮಾಡುತ್ತೀರಿ. ಹನ್ನೆರಡನೇ ಏಟು ಬೀಳುವುದರೊಳಗೆ ಎಲ್ಲರೂ ಕುಂಬಳಕಾಯಿಯ ಹಾಗೆ ಮುದುಡಿ ಕೂರಬೇಕು. ಏಟು ಎಣಿಸುವ ನೆಪದಲ್ಲಿ ನಾಲ್ಕು ವರ್ಷದ ಮಕ್ಕಳೂ ಕನ್ನಡದಲ್ಲಿ ಹನ್ನೆರಡರ ತನಕ ಎಣಿಸುತ್ತಾರೆ.

ತೊಂದರೆ ಏನಪ್ಪಾ ಅಂದರೆ ಬಟ್ಟೆ. ಆಹ್ವಾನದಲ್ಲಿ ಸಿಂಡರೆಲ್ಲಾ ಅಂತ ಬರೆದರೆ ಅರ್ಧ ಜನ ಹೊಸ ಗೌನು ಕೊಳ್ಳುತ್ತಾರೆ, ಇನ್ನರ್ಧ ಜನ ಕೊಳ್ಳಲಾಗದೆ ಬೇಜಾರು ಮಾಡಿಕೊಳ್ಳುತ್ತಾರೆ. ಅದರ ಬದಲು "ಎಲ್ಲರೂ ಇಲಿಗಳಾಗಿ ಬನ್ನಿ, ಕಿವಿ ನಾವು ಕೊಡುತ್ತೇವೆ" ಅಂತ ಬರೆಯಿರಿ. ಎರಡನೇ ತೊಂದರೆ ಬೆಂಕಿ. ನೆಟ್ ಮತ್ತು ನೈಲಾನ್ ಬಟ್ಟೆಗೆ ಕಿಡಿ ತಾಗಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ. ಮೇಣದಬತ್ತಿ ಹಚ್ಚುವಾಗ ಅಂಥ ಉಡುಪಿನ ಮಗುವನ್ನು ಒಂದು ಮಾರು ದೂರ ನಿಲ್ಲಿಸಿ. ನೊರೆ ಚಿಮ್ಮುವ ಪಾರ್ಟಿ ಸ್ಪ್ರೇಯನ್ನಂತೂ ಮನೆಯೊಳಗೇ ಬಿಟ್ಟುಕೊಳ್ಳಬೇಡಿ. ಹೆಚ್ಚಿನ ಡಬ್ಬಿಗಳಲ್ಲಿ ಒತ್ತಡಕ್ಕೆ ತುಂಬುವುದು ಬೆಂಕಿ ಹಿಡಿಯುವ ಅನಿಲವನ್ನೇ.

ಹ್ಯಾನ್ಸೆಲ್ ಗ್ರೆಟೆಲ್: ಕೈಗೆ ಕೆಲಸ, ಮನಸ್ಸಿಗೆ ಸ್ವಲ್ಪ ಭಯ

ತಿಂಡಿಯ ಮನೆ ಅಂದರೆ ಯಾವ ಮಗುವಿಗೆ ಬೇಡ? ಗ್ರಿಮ್ ಕತೆಯಲ್ಲಿ ಆ ಮನೆಯ ಗೋಡೆ ಬ್ರೆಡ್ಡಿನದು, ಮಾಡು ಕೇಕಿನದು, ಕಿಟಕಿ ಸಕ್ಕರೆಯದು. ಸಕ್ಕರೆ ಕಿಟಕಿ ಓದಿದಾಗೆಲ್ಲ ನನಗೆ ಸಂಕ್ರಾಂತಿಯ ಸಕ್ಕರೆ ಅಚ್ಚು ನೆನಪಾಗುತ್ತದೆ. ಜನವರಿಯಲ್ಲಿ ಹುಟ್ಟಿದ ಮಗುವಿದ್ದರೆ ಈ ಕತೆಯನ್ನೇ ಆರಿಸಿ. ಎಳ್ಳು ಬೆಲ್ಲದ ಜೊತೆ ಅಚ್ಚುಗಳು ಮನೆಗೆ ಬಂದೇ ಬಂದಿರುತ್ತವೆ, ಎಷ್ಟು ತಿಂದರೂ ಮುಗಿಯುವುದಿಲ್ಲ. ಅವನ್ನೆಲ್ಲ ಕಿಟಕಿ ಬಾಗಿಲು ಮಾಡಿ.

ಇಲ್ಲಿ ಪ್ರತಿ ಮಗುವಿಗೂ ಒಂದು ಪುಟ್ಟ ಮನೆ ಕಟ್ಟುವ ಕೆಲಸ. ವಿಧಾನ ಹೀಗೆ. ಒಂದು ಸಣ್ಣ ಜ್ಯೂಸ್ ಪ್ಯಾಕನ್ನು ಪೇಪರ್ ತಟ್ಟೆಯ ನಡುವೆ ನಿಲ್ಲಿಸಿ. ಅದರ ನಾಲ್ಕೂ ಬದಿಗೆ ಪಾರ್ಲೆ-ಜಿ ಬಿಸ್ಕತ್ತು ಅಂಟಿಸಿದರೆ ಗೋಡೆ. ಮೇಲೆ ಎರಡು ಬಿಸ್ಕತ್ತು ಇಳಿಜಾರಾಗಿ ಇಟ್ಟರೆ ಮಾಡು. ಬಾಗಿಲಿಗೆ ಒಂದು ತುಂಡು ಚಿಕ್ಕಿ, ಅಂಗಳದ ಸುತ್ತ ಬತ್ತಾಸು, ಹೊಸ್ತಿಲಿಗೆ ಮೈಸೂರು ಪಾಕು. ಒಳಗೆ ಜ್ಯೂಸ್ ಪ್ಯಾಕ್ ಇಲ್ಲದೆ ಬರೀ ಬಿಸ್ಕತ್ತು ನಿಲ್ಲಿಸಲು ಹೋದರೆ ಐದು ವರ್ಷದ ಕೈಗೆ ಆಗುವುದಿಲ್ಲ. ಬಿದ್ದು ಬಿದ್ದು ಅಳು ಬರುತ್ತದೆ.

ಅಂಟು ಯಾವುದು ಅನ್ನುವುದು ಊರಿನ ಮೇಲೆ ಹೋಗುತ್ತದೆ. ಬೆಂಗಳೂರು, ಮಡಿಕೇರಿಯ ಚಳಿಗಾಲದಲ್ಲಿ ಕರಗಿಸಿದ ಚಾಕೊಲೇಟ್ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಅದು ಗಟ್ಟಿಯಾಗುವ ಮಾತೇ ಇಲ್ಲ. ಅಲ್ಲಿ ಐಸಿಂಗ್ ಸಕ್ಕರೆಗೆ ಕೆಲವೇ ಹನಿ ನಿಂಬೆರಸ ಹಾಕಿ, ಚಮಚದಿಂದ ಬೀಳದಷ್ಟು ಗಟ್ಟಿಯಾಗಿ ಕಲಸಿಕೊಳ್ಳಿ. ಒಣಗಲು ಸ್ವಲ್ಪ ಹೊತ್ತು ಬೇಕು, ಆ ಹೊತ್ತಿನಲ್ಲಿ ಕತೆ ಹೇಳಿ. ಕರಾವಳಿಯ ಮಳೆಗಾಲದಲ್ಲಿ ಎರಡೂ ಕಷ್ಟ, ಬಿಸ್ಕತ್ತೇ ಮೆತ್ತಗಾಗುತ್ತದೆ. ಇನ್ನು ಇರುವೆ. ಸಾಮಾನು ಹರಡುವ ಮೊದಲೇ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ. ಯುರೋಪಿನ ಪುಸ್ತಕಗಳು ಈ ಮಾತು ಹೇಳುವುದಿಲ್ಲ.

ಈ ಕತೆಯ ಕಷ್ಟ ಇರುವುದು ಕತೆಯಲ್ಲೇ. ತಿನ್ನಲು ಅನ್ನ ಇಲ್ಲ ಅಂತ ಅಪ್ಪ ಅಮ್ಮನೇ ಮಕ್ಕಳನ್ನು ಕಾಡಿಗೆ ಬಿಟ್ಟು ಬರುತ್ತಾರೆ. 1812ರ ಮೊದಲ ಮುದ್ರಣದಲ್ಲಿ ಬಿಟ್ಟು ಬಾ ಅನ್ನುವವಳು ಹೆತ್ತ ತಾಯಿ. ಮುಂದಿನ ಮುದ್ರಣಗಳಲ್ಲಿ ಅವಳು ಮಲತಾಯಿಯಾದಳು. ಕೊನೆಗೆ ಮಾಟಗಾತಿಯನ್ನು ಒಲೆಯೊಳಗೆ ತಳ್ಳುವುದೂ ಇದೆ. ಏಳೆಂಟು ವರ್ಷದ ಮಕ್ಕಳಿಗೆ ಇದೇ ರುಚಿ, ಇನ್ನೊಮ್ಮೆ ಹೇಳಿ ಅನ್ನುತ್ತಾರೆ. ನಾಲ್ಕು ವರ್ಷದ ಮಗು ರಾತ್ರಿ ಅಮ್ಮನ ಸೆರಗು ಬಿಡುವುದಿಲ್ಲ. ಹಾಗಾಗಿ ಆರಕ್ಕಿಂತ ಚಿಕ್ಕವರಿದ್ದರೆ ಈ ಕತೆ ಬೇಡ, ಅಥವಾ ಮಕ್ಕಳು ಅಣಬೆ ಹುಡುಕುತ್ತಾ ತಾವೇ ದಾರಿ ತಪ್ಪಿದರು ಅಂತ ಹೇಳಿಬಿಡಿ.

ದಾರಿ ಗುರುತಿನ ಆಟಕ್ಕೆ ಬ್ರೆಡ್ ಚೂರು ಬೇಡ, ಮಂಡಕ್ಕಿಯೂ ಬೇಡ. ಒಂದು ನಿಮಿಷದಲ್ಲಿ ಕಾಲಡಿ ಪುಡಿಯಾಗಿ ಮನೆ ತುಂಬ ಹರಡುತ್ತದೆ. ಕತೆಯಲ್ಲೂ ಮೊದಲ ಸಲ ಮಕ್ಕಳನ್ನು ಮನೆಗೆ ತಲುಪಿಸಿದ್ದು ಬಿಳಿ ಕಲ್ಲುಗಳೇ. ಅವನ್ನೇ ಇಡಿ.

ಜ್ಯಾಕ್ ಮತ್ತು ಅವರೆ ಬಳ್ಳಿ: ಖರ್ಚು ಕಡಿಮೆ, ಗಲಾಟೆ ಜಾಸ್ತಿ

ಇಂಗ್ಲೆಂಡಿನ ಈ ಕತೆ ನಮಗೆ ಗೊತ್ತಿರುವ ರೂಪದಲ್ಲಿ ಹೆಚ್ಚು ಹರಡಿದ್ದು ಜೋಸೆಫ್ ಜೇಕಬ್ಸ್ 1890ರಲ್ಲಿ ಪ್ರಕಟಿಸಿದ ಸಂಗ್ರಹದಿಂದ. ಹಸು ಮಾರಲು ಹೋದ ಹುಡುಗ ಕಾಳು ತರುತ್ತಾನೆ, ಕಾಳು ಬಳ್ಳಿಯಾಗುತ್ತದೆ, ಬಳ್ಳಿ ಹತ್ತಿ ರಾಕ್ಷಸನ ಮನೆಯಿಂದ ಮೂರು ಸಲ ಕದಿಯುತ್ತಾನೆ. ಮೊದಲು ಬಂಗಾರದ ಚೀಲ, ಆಮೇಲೆ ಬಂಗಾರದ ಮೊಟ್ಟೆ ಇಡುವ ಕೋಳಿ, ಕೊನೆಗೆ ಹಾಡುವ ವೀಣೆ.

ಮಹಡಿ ಮೆಟ್ಟಿಲಿರುವ ಮನೆಗೆ ಈ ಕತೆ ಹೇಳಿ ಮಾಡಿಸಿದ್ದು. ಹಳೇ ಹಸಿರು ಸೀರೆ ಎರಡು ತಿರುಚಿ ಮೆಟ್ಟಿಲಿನ ಕಂಬಿಗೆ ಸುತ್ತಿ, ಕಾಗದದ ಎಲೆ ಅಂಟಿಸಿದರೆ ಅಲಂಕಾರ ಅಲ್ಲಿಗೆ ಮುಗಿಯಿತು. ಮೇಲಿನ ಕೋಣೆಯಲ್ಲಿ ಮಾವನೋ ಚಿಕ್ಕಪ್ಪನೋ ಗೊರಕೆ ಹೊಡೆಯುತ್ತಾ ಮಲಗಿರಲಿ. ಮಕ್ಕಳು ಒಬ್ಬೊಬ್ಬರಾಗಿ ಸದ್ದಿಲ್ಲದೆ ಹೋಗಿ ಪಕ್ಕದಲ್ಲಿಟ್ಟ ಸಾಮಾನು ತರಬೇಕು. ಗೊರಕೆ ನಿಂತರೆ ಇದ್ದಲ್ಲೇ ನಿಲ್ಲಬೇಕು. ಕತೆಯಲ್ಲಿ ಜ್ಯಾಕ್ ಒಬ್ಬನೇ, ಆದರೆ ಈ ಆಟದಲ್ಲಿ ಸರದಿ ಬಂದವರೆಲ್ಲ ಜ್ಯಾಕ್.

ಊರ ಕಡೆಯ ಅಜ್ಜಂದಿರು ಒಂದು ತಕರಾರು ತೆಗೆಯುತ್ತಾರೆ: ಹುಟ್ಟುಹಬ್ಬದ ದಿನ ಮಕ್ಕಳಿಗೆ ಕಳ್ಳತನ ಕಲಿಸುತ್ತೀರಾ? ಬೆಣ್ಣೆ ಕದ್ದ ಕೃಷ್ಣನ ಹೆಸರು ಹೇಳಿದರೆ ಸುಮ್ಮನಾಗುತ್ತಾರೆ.

ಈ ಕತೆಗೆ ಕೈಕೊಡುಗೆಯೂ, ಅಂದರೆ ರಿಟರ್ನ್ ಗಿಫ್ಟೂ, ಕತೆಯೊಳಗಿಂದಲೇ ಬರುತ್ತದೆ. ತೆಂಗಿನ ಕರಟದಲ್ಲಿ ಮಣ್ಣು ತುಂಬಿ, ರಾತ್ರಿ ನೆನೆಸಿದ ಅಲಸಂದೆ ಕಾಳು ಎರಡು ಕೊಟ್ಟರೆ ಮಗು ಮನೆಗೆ ಹೋಗಿ ತಾನೇ ಊರುತ್ತದೆ. ನಾಲ್ಕೈದು ದಿನಕ್ಕೆ ಮೊಳಕೆ ತಲೆ ಎತ್ತುತ್ತದೆ. ಅವರೆ ಇನ್ನೂ ಸ್ವಲ್ಪ ನಿಧಾನ. ಮಗುವಿಗೆ ಕಾಯುವ ತಾಳ್ಮೆ ಇರುವುದಿಲ್ಲ, ಅದಕ್ಕೇ ಅಲಸಂದೆ ಅಂದೆ. ಡಿಸೆಂಬರ್, ಜನವರಿಯ ಹುಟ್ಟುಹಬ್ಬವಾದರೆ ದೊಡ್ಡವರ ಊಟಕ್ಕೆ ಹಿತಕಿದ ಅವರೆಬೇಳೆ ಸಾರು, ಅವರೆಕಾಳು ಉಪ್ಪಿಟ್ಟು ಮಾಡಿ.

ಎಚ್ಚರ ಇರಬೇಕಾದ್ದು ಮೆಟ್ಟಿಲು. ಓಡುವ ಆಟ ಮೆಟ್ಟಿಲ ಮೇಲೆ ಇಡಬೇಡಿ, ಮೇಲೊಬ್ಬರು ಕೆಳಗೊಬ್ಬರು ದೊಡ್ಡವರು ನಿಂತಿರಲಿ. ಫ್ಲ್ಯಾಟಿನಲ್ಲಿರುವವರು ಬಳ್ಳಿಯನ್ನು ಗೋಡೆಗೆ ಹಬ್ಬಿಸಿ, ಮಲಗುವ ಕೋಣೆಯನ್ನೇ ರಾಕ್ಷಸನ ಅರಮನೆ ಮಾಡಿಕೊಳ್ಳಬಹುದು.

ಏಳು ಸಮುದ್ರದಾಚೆಯ ಗಿಳಿ: ನನ್ನ ವೋಟು ಇದಕ್ಕೆ

ರಾಕ್ಷಸನ ಪ್ರಾಣ ಅವನ ಮೈಯಲ್ಲಿಲ್ಲ. ಏಳು ಸಮುದ್ರದಾಚೆ ಒಂದು ಮರ, ಆ ಮರದಲ್ಲೊಂದು ಪಂಜರ, ಪಂಜರದಲ್ಲೊಂದು ಗಿಳಿ, ಆ ಗಿಳಿಯಲ್ಲಿ ಅವನ ಜೀವ. ಈ ಕತೆ ಕೇಳದೆ ಬೆಳೆದ ಕನ್ನಡದ ಮನೆ ಕಡಿಮೆ. ಆದರೂ ಹುಟ್ಟುಹಬ್ಬಕ್ಕೆ ಇದನ್ನು ಆರಿಸುವವರು ಇನ್ನೂ ಕಡಿಮೆ. ಅಂಗಡಿಯಲ್ಲಿ ಇದರ ಪ್ಲೇಟು, ಬ್ಯಾನರು, ಟೋಪಿ ಸಿಗುವುದಿಲ್ಲ ಅನ್ನುವುದೇ ಕಾರಣ ಇರಬೇಕು. ಮನೆಯಲ್ಲೇ ಮಾಡುವವರಿಗೆ ಅದೇನು ಕೊರತೆಯಲ್ಲ.

ಪಾರ್ಟಿಗೆ ಬೇಕಾದ್ದೆಲ್ಲ ಈ ಕತೆಯ ಹೊಟ್ಟೆಯಲ್ಲೇ ಇದೆ. ಹುಡುಕಾಟ ಇದೆ, ಏಳು ಹಂತ ಇದೆ, ಒಬ್ಬ ರಾಕ್ಷಸ ಇದ್ದಾನೆ, ಗುಟ್ಟು ಇದೆ. ಎಲ್ಲಕ್ಕಿಂತ ಮುಖ್ಯ, ಸಮುದ್ರ ದಾಟುವವರು ಎಷ್ಟು ಜನ ಬೇಕಾದರೂ ಇರಬಹುದು. ಎಲ್ಲರೂ ಒಂದೇ ದೋಣಿಯಲ್ಲಿ. ಗೆದ್ದವರು ಸೋತವರು ಅಂತ ಇಲ್ಲ, ಹಾಗಾಗಿ ಅಳುವವರೂ ಇಲ್ಲ.

ಏಳು ಸಮುದ್ರಕ್ಕೆ ನಮ್ಮ ಪುರಾಣಗಳು ರುಚಿಯನ್ನೂ ಕೊಟ್ಟಿವೆ: ಉಪ್ಪುನೀರು, ಕಬ್ಬಿನ ರಸ, ಮದ್ಯ, ತುಪ್ಪ, ಮೊಸರು, ಹಾಲು, ಸಿಹಿನೀರು. ಮದ್ಯದ ಸಮುದ್ರಕ್ಕೆ ದ್ರಾಕ್ಷಿ ರಸ ಹಾಕಿಕೊಳ್ಳಿ, ಅಜ್ಜ ನಗಲಿ. ಏಳು ಪುಟ್ಟ ಲೋಟ, ಕಣ್ಣಿಗೆ ಬಟ್ಟೆ, ನಾಲಿಗೆಗೆ ಒಂದೊಂದು ಹನಿ. ಯಾವ ಸಮುದ್ರ ಅಂತ ಹೇಳಿದರೆ ಮುಂದಿನ ಸಮುದ್ರಕ್ಕೆ ದಾರಿ. ಉಪ್ಪುನೀರಿಗೆ ಮುಖ ಕಿವುಚುವುದು, ತುಪ್ಪಕ್ಕೆ ಇನ್ನಷ್ಟು ಕೇಳುವುದು, ಇದೇ ಅರ್ಧ ಗಂಟೆಯ ಮನರಂಜನೆ. ಹಾಲು, ಮೊಸರು ಆಗದ ಮಕ್ಕಳು ಇದ್ದಾರಾ ಅಂತ ಅವರ ಅಮ್ಮಂದಿರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಎಲ್ಲ ಏಳಕ್ಕೂ ರುಚಿಯ ಆಟವೇ ಬೇಕು ಅಂತಿಲ್ಲ. ನೆಲಕ್ಕೆ ನೀಲಿ ಸೀರೆ ಹಾಸಿ, ರದ್ದಿ ಕಾಗದದ ಕಲ್ಲುಗಳ ಮೇಲೆ ಕಾಲಿಟ್ಟು ದಾಟುವುದು ಒಂದು ಸಮುದ್ರ. ಕಾಗದದ ಮೀನಿಗೆ ಜೆಮ್ ಕ್ಲಿಪ್ ಸಿಕ್ಕಿಸಿ ಅಯಸ್ಕಾಂತದ ಗಾಳದಿಂದ ಹಿಡಿಯುವುದು ಇನ್ನೊಂದು. ಒಗಟು ಬಿಡಿಸುವುದು ಮತ್ತೊಂದು. ಸೀರೆ ಹಾಸುವಾಗ ರೇಷ್ಮೆಯೂ ಬೇಡ, ಪಾಲಿಯೆಸ್ಟರೂ ಬೇಡ. ಟೈಲ್ಸ್ ಮೇಲೆ ಅವು ಜಾರುತ್ತವೆ. ಹತ್ತಿ ಸೀರೆಯನ್ನೇ ಹಾಸಿ ನಾಲ್ಕೂ ಮೂಲೆಗೆ ಟೇಪು ಹಚ್ಚಿ.

ಹಳೇ ಕತೆಯ ಕೊನೆಯಲ್ಲಿ ಗಿಳಿಯ ಕತ್ತು ಮುರಿಯುತ್ತಾರೆ, ಅಲ್ಲಿ ರಾಕ್ಷಸ ಸಾಯುತ್ತಾನೆ. ಹುಟ್ಟುಹಬ್ಬದಲ್ಲಿ ಪಂಜರದ ಬಾಗಿಲು ತೆಗೆದು ಗಿಳಿ ಬಿಟ್ಟುಬಿಡಿ. ಗಿಳಿ ಹಾರಿದ ಕೂಡಲೇ ರಾಕ್ಷಸನ ಸಿಟ್ಟೆಲ್ಲ ಇಳಿದು, ಧಡ್ ಅಂತ ಬಿದ್ದು, ಆಮೇಲೆ ಎದ್ದು ಎಲ್ಲರಿಗೂ ಕೇಕು ಹಂಚುತ್ತಾನೆ. ಗಿಳಿ ಕಾಗದದ್ದೇ ಆಗಿರಲಿ. ನಿಜವಾದ ಗಿಳಿ ತರೋಣ ಅನ್ನುವ ಉತ್ಸಾಹಿ ಮಾವಂದಿರು ಇರುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ನಮ್ಮ ಕಾಡಿನ ಗಿಳಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು ಅಪರಾಧ.

ಈ ಆಯ್ಕೆಯ ದೊಡ್ಡ ಕೊರತೆ, ದೊಡ್ಡವರು ಕೇಳಿ ಬೆಳೆದಿದ್ದರೂ ಈಗ ಬರುವ ಮಕ್ಕಳಿಗೆ ಕತೆ ಗೊತ್ತಿರುವುದಿಲ್ಲ. ಸಿಂಡರೆಲ್ಲಾ ಅಂದರೆ ಸಾಕು, ಇದನ್ನು ಕೂತು ಹೇಳಬೇಕು. ಹೇಳುವವರು ಚೆನ್ನಾಗಿ ಹೇಳಬೇಕು. ಮನೆಯಲ್ಲಿ ಅಜ್ಜಿ ಇದ್ದರೆ ನಿಮ್ಮ ಕೆಲಸ ಮುಗಿಯಿತು. ಡಲ್ಲಾಸ್‌ನಲ್ಲೋ ಲಂಡನ್‌ನಲ್ಲೋ ಇರುವ ಮನೆಗಳಲ್ಲಿ ಅಜ್ಜಿ ವಿಡಿಯೊ ಕಾಲ್‌ನಲ್ಲಿ ಕತೆಯ ಮೊದಲರ್ಧ ಹೇಳಿ, ರಾಕ್ಷಸನ ಗುಟ್ಟು ಬಾಯಿಬಿಡುವ ಹೊತ್ತಿಗೆ ನಿಲ್ಲಿಸಲಿ. ಮಿಕ್ಕದ್ದು ಮಕ್ಕಳೇ ಆಡಿ ಮುಗಿಸುತ್ತಾರೆ. ಹೇಳುವವರು ಯಾರೂ ಇಲ್ಲ ಅಂದರೆ ಬಿಳಿ ಪಂಚೆಯೊಂದನ್ನು ಬಾಗಿಲಿಗೆ ಕಟ್ಟಿ, ಹಿಂದಿನಿಂದ ಟಾರ್ಚ್ ಬಿಟ್ಟು, ರಟ್ಟಿನ ಗೊಂಬೆಗಳ ನೆರಳಾಟ ಮಾಡಿ. ತೊಗಲು ಗೊಂಬೆಯಾಟದ ನಾಡಿನವರಿಗೆ ಇದು ಹೊಸದೇನಲ್ಲ. ಕತ್ತಲೆ ಬೇಕು ಅನ್ನುವುದೊಂದೇ ಷರತ್ತು.

ಪುಣ್ಯಕೋಟಿ ಯಾಕೆ ಬೇಡ ಅಂತ ಕೇಳಬಹುದು. ಹುಲಿ ಪ್ರಾಣ ಬಿಡುವ ಹೊತ್ತಿಗೆ ದೊಡ್ಡವರ ಕಣ್ಣಲ್ಲೇ ನೀರು ಬರುತ್ತದೆ. ಅದಾದ ಮೇಲೆ ಕೇಕು ಹೇಗೆ ಕತ್ತರಿಸುವುದು?

ಮೂರು ವರ್ಷದವರಿಗೆ ಕಾಗಕ್ಕ ಗುಬ್ಬಕ್ಕ

ಎರಡು ಮೂರು ವರ್ಷದ ಮಕ್ಕಳಿಗೆ ಮೇಲಿನ ಯಾವುದೂ ಹೊಂದುವುದಿಲ್ಲ. ಅವರಿಗೆ ಕಾಗಕ್ಕ ಗುಬ್ಬಕ್ಕನ ಕತೆ ಸಾಕು. ಮಳೆ ಬಂತು, ಕಾಗಕ್ಕನ ಸಗಣಿ ಮನೆ ಕೊಚ್ಚಿಹೋಯಿತು, ಗುಬ್ಬಕ್ಕನ ಕಲ್ಲಿನ ಮನೆ ಉಳಿಯಿತು. "ಬಾಗಿಲು ತೆಗಿ" ಅಂತ ಒಬ್ಬರು, "ತಡಿ, ಮಗೂಗೆ ಸ್ನಾನ ಮಾಡಿಸ್ತಿದೀನಿ" ಅಂತ ಇನ್ನೊಬ್ಬರು. ಅದೇ ಮಾತು ಮತ್ತೆ ಮತ್ತೆ ಬರುವುದರಿಂದ ಎಲ್ಲರೂ ಸೇರಿ ಕೂಗುತ್ತಾರೆ. ಒಂದು ರಟ್ಟಿನ ಡಬ್ಬದ ಮನೆ ಇದ್ದರೆ ಅರ್ಧ ಮಕ್ಕಳು ಒಳಗೆ, ಅರ್ಧ ಹೊರಗೆ. ಕೊನೆ ಒಂದೊಂದು ಮನೆಯಲ್ಲಿ ಒಂದೊಂದು ಥರ ಹೇಳುತ್ತಾರೆ. ಕಾಗಕ್ಕನನ್ನು ಒಳಗೆ ಕರೆದು ತಿಂಡಿ ಕೊಡುವ ಕೊನೆ ಹೇಳಿ. ಒಂದು ಗಂಟೆಗಿಂತ ಹೆಚ್ಚು ಎಳೆಯಬೇಡಿ, ನಿದ್ದೆಗೆಟ್ಟ ಮಕ್ಕಳ ಮುಂದೆ ಯಾವ ಕತೆಯೂ ನಡೆಯುವುದಿಲ್ಲ.

ರಟ್ಟೋ ಥರ್ಮಾಕೋಲೋ

ಅರಮನೆ ಅಂದ ಕೂಡಲೇ ಥರ್ಮಾಕೋಲ್ ನೆನಪಾಗುತ್ತದೆ, ಹಗುರ, ಬೆಳ್ಳಗೆ, ಕತ್ತರಿಸಲು ಸುಲಭ. ಆದರೆ ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಬ್ಯಾನರು, ಬಂಟಿಂಗ್, ಫ್ಲೆಕ್ಸು, ತಟ್ಟೆ, ಲೋಟ, ಚಮಚಗಳನ್ನು ನಿಷೇಧಿಸಿತು. ಅವುಗಳ ಥರ್ಮಾಕೋಲ್ ರೂಪವೂ ಅದರಲ್ಲಿ ಸೇರಿತ್ತು. 2022ರ ಜುಲೈ 1ರಿಂದ ದೇಶದಾದ್ಯಂತ ಬಂದ ನಿಷೇಧದಲ್ಲಿ ಅಲಂಕಾರದ ಥರ್ಮಾಕೋಲ್, ಬಲೂನಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕಡ್ಡಿ ಹೆಸರು ಹೇಳಿಯೇ ಸೇರಿವೆ. ಅಂಗಡಿಯಲ್ಲಿ ಇನ್ನೂ ಸಿಗುತ್ತದೆ, ಆ ಮಾತು ಬೇರೆ.

ರಟ್ಟು ನಿಜಕ್ಕೂ ಚೆನ್ನಾಗಿರುತ್ತದೆ. ಫ್ರಿಜ್ಜು, ವಾಷಿಂಗ್ ಮೆಷಿನ್ ಮಾರುವ ಅಂಗಡಿಯಲ್ಲಿ ಒಂದು ವಾರ ಮೊದಲೇ ಹೇಳಿಟ್ಟರೆ ದೊಡ್ಡ ಡಬ್ಬ ಎತ್ತಿಟ್ಟುಕೊಡುತ್ತಾರೆ. ಒಂದು ಫ್ರಿಜ್ಜಿನ ಡಬ್ಬದಲ್ಲಿ ಮಕ್ಕಳು ಒಳಗೆ ಹೊರಗೆ ಓಡಾಡುವ ಕೋಟೆ ಬರುತ್ತದೆ. ಹಿಂದಿನ ದಿನ ಮಗುವಿನ ಕೈಗೇ ಬಣ್ಣ ಕೊಡಿ, ಓರೆಕೋರೆ ಇರಲಿ. ಹಿನ್ನೆಲೆಗೆ ಫ್ಲೆಕ್ಸ್ ಬದಲು ಅಮ್ಮನ ಜರಿ ಸೀರೆ ಇಳಿಬಿಟ್ಟರೆ ಫೋಟೊದಲ್ಲೂ ಅದೇ ಚೆಂದ ಕಾಣುತ್ತದೆ.

ಕಿರೀಟದ ಲೆಕ್ಕ ಹೇಳಿಬಿಡುತ್ತೇನೆ. ಚಾರ್ಟ್ ಶೀಟ್ ಸಾಮಾನ್ಯವಾಗಿ 22 ಇಂಚು ಅಗಲ, 28 ಇಂಚು ಉದ್ದ ಬರುತ್ತದೆ. ಐದಾರು ವರ್ಷದ ಮಗುವಿನ ತಲೆಯ ಸುತ್ತಳತೆ ಸುಮಾರು 20 ಇಂಚು. 22 ಇಂಚಿನ ಬದಿಗೆ ಸರಿಯಾಗಿ ನಾಲ್ಕು ನಾಲ್ಕು ಇಂಚಿನ ಪಟ್ಟಿ ಕತ್ತರಿಸಿದರೆ ಒಂದು ಶೀಟಿಗೆ ಏಳು ಕಿರೀಟ, ಅಂಟಿಸಲು ಎರಡು ಇಂಚು ಮಿಗುತ್ತದೆ. ಸ್ಟೇಪ್ಲರ್ ಪಿನ್ನು ಬೇಡ, ಕೂದಲಿಗೆ ಸಿಕ್ಕಿಕೊಳ್ಳುತ್ತದೆ.

ಬಲೂನು ಎಷ್ಟಿದ್ದರೂ ಮಕ್ಕಳಿಗೆ ಸಾಲದು. ಒಡೆದ ಚೂರುಗಳನ್ನು ಮಾತ್ರ ಆಗಲೇ ಹೆಕ್ಕಿ, ಚಿಕ್ಕವರು ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಅಂಟುತ್ತದೆ. ಮೇಲೆ ತೇಲುವ ಗ್ಯಾಸ್ ಬಲೂನಿನಲ್ಲಿ ಹೀಲಿಯಂ ಬದಲು ಅಗ್ಗದ ಹೈಡ್ರೋಜನ್ ತುಂಬಿ ಮಾರುವವರಿದ್ದಾರೆ. ಬತ್ತಿಯ ಹತ್ತಿರ ಹೋದರೆ ಸಿಡಿದು ಉರಿಯುತ್ತದೆ. ಬಾಯಲ್ಲಿ ಊದಿದ್ದೇ ಸಾಕು.

ಕೇಕು: ಮನೆಯದೋ ಬೇಕರಿಯದೋ

ಮೂರು ದಾರಿ ಇವೆ. ಪೂರ್ತಿ ಮನೆಯಲ್ಲಿ ಮಾಡುವುದು, ಪೂರ್ತಿ ಹೊರಗೆ ಕೊಡುವುದು, ಸಾದಾ ಕೇಕು ತಂದು ಮನೆಯಲ್ಲಿ ಅಲಂಕರಿಸುವುದು. ಮೂರನೆಯದು ಜಾಣರ ದಾರಿ. ಕೇಕು ಉಬ್ಬುತ್ತೋ ಇಲ್ವೋ ಅನ್ನುವ ಆತಂಕ ಬೇಕರಿಯವರಿಗಿರಲಿ, ಅಲಂಕಾರದ ಖುಷಿ ನಮಗಿರಲಿ. ಐಸ್‌ಕ್ರೀಮಿನ ಬಿಸ್ಕತ್ತು ಕೋನ್‌ಗಳನ್ನು ತಲೆಕೆಳಗಾಗಿ ನಾಲ್ಕು ಮೂಲೆಗೆ ಇಟ್ಟರೆ ಅರಮನೆಯ ಗೋಪುರ. ಮೇಲೆ ನೀಲಿ ಕ್ರೀಮು ಬಳಿದು ಕಾಗದದ ಗಿಳಿ ಕೂರಿಸಿದರೆ ಏಳನೇ ಸಮುದ್ರ. ಫಾಂಡೆಂಟ್ ಅನ್ನುವ ಸಕ್ಕರೆ ಕಣಕದ ಗೊಂಬೆಗಳಿಗೆ ದುಡ್ಡು ಸುರಿಯುವುದು ನನಗಂತೂ ಹಿಡಿಸುವುದಿಲ್ಲ. ಮಕ್ಕಳು ನೆಕ್ಕಿ ತಟ್ಟೆಯಲ್ಲೇ ಬಿಡುತ್ತಾರೆ.

ಮನೆಯಲ್ಲೇ ಮಾಡುವ ಹಟ ಇದ್ದರೆ, ಓವನ್ ಇಲ್ಲದಿದ್ದರೂ ಕುಕ್ಕರ್ ಸಾಕು. ಗ್ಯಾಸ್ಕೆಟ್, ವಿಶಲ್ ಎರಡನ್ನೂ ತೆಗೆದು, ತಳಕ್ಕೆ ಉಪ್ಪು ಹರಡಿ, ಹತ್ತು ನಿಮಿಷ ಕಾಯಿಸಿ, ಸ್ಟ್ಯಾಂಡ್ ಮೇಲೆ ಪಾತ್ರೆ ಇಟ್ಟು ಸಣ್ಣ ಉರಿಯಲ್ಲಿ 40-45 ನಿಮಿಷ. ಮೊಟ್ಟೆ ಬೇಡ ಅನ್ನುವ ಮನೆಯಲ್ಲಿ ಮೊಸರು, ಅಡುಗೆ ಸೋಡ ಆ ಕೆಲಸ ಮಾಡುತ್ತವೆ. ಇದಕ್ಕೆ ಮೇಲೆ ವಿಪ್ಪಿಂಗ್ ಕ್ರೀಮ್ ಹಾಕುವುದಾದರೆ ಸೆಖೆಯ ಊರಿನಲ್ಲಿ ಕತ್ತರಿಸುವ ತನಕ ಫ್ರಿಜ್ಜಿನಲ್ಲೇ ಇಡಬೇಕು. ಒಂದು ಕಿಲೊ ಕೇಕು ಹತ್ತು ಹನ್ನೆರಡು ತುಂಡಿಗೆ ಬರುತ್ತದೆ. ದೊಡ್ಡವರೂ ಇದ್ದರೆ ಕೇಕು ಜಾಸ್ತಿ ತರುವ ಬದಲು ಕೇಸರಿಬಾತ್ ಒಂದು ಪಾತ್ರೆ ಮಾಡಿ, ಅವರಿಗೂ ಅದೇ ಇಷ್ಟ.

ಬತ್ತಿ ಆರಿಸುವುದು ಬೇಡ ಅನ್ನುವ ಹಿರಿಯರು ಮನೆಯಲ್ಲಿದ್ದರೆ ವಾದಕ್ಕೆ ಇಳಿಯಬೇಡಿ. ಜನ್ಮನಕ್ಷತ್ರದ ದಿನ ಎಣ್ಣೆಸ್ನಾನ, ಪಾಯಸ, ಆರತಿ. ತಾರೀಕಿನ ದಿನ ಕತೆ, ಕೇಕು. ಎರಡೂ ಒಂದೇ ದಿನ ಬೀಳುವುದು ಅಪರೂಪ, ಮಗುವಿಗೆ ಎರಡು ಹಬ್ಬ ಸಿಗುತ್ತದೆ.

ಹಾಲೋ, ತಾರಸಿಯೋ

ಎಂಟು ಹತ್ತು ಮಕ್ಕಳಾದರೆ ಮನೆಯ ಹಾಲ್ ಸಾಕು, ಸೋಫಾ ಮಾತ್ರ ಗೋಡೆಗೆ ಸರಿಸಿ. ತಾರಸಿ ನೋಡಲು ಚೆಂದ, ಆದರೆ ಮಧ್ಯಾಹ್ನ ನಾಲ್ಕಕ್ಕೂ ನೆಲ ಕಾದಿರುತ್ತದೆ, ಗಾಳಿಗೆ ಕಾಗದದ ಅಲಂಕಾರ ನಿಲ್ಲುವುದಿಲ್ಲ, ಪ್ಯಾರಪೆಟ್ ಗಿಡ್ಡ ಇದ್ದರೆ ನಿಮ್ಮ ಕಣ್ಣು ಪೂರ್ತಿ ಅಲ್ಲೇ. ಅಪಾರ್ಟ್‌ಮೆಂಟಿನ ಪಾರ್ಟಿ ಹಾಲಿನಲ್ಲಿ ಜಾಗ ಜಾಸ್ತಿ, ಆದರೆ ಪ್ರತಿಧ್ವನಿಯಲ್ಲಿ ಕತೆ ಕೇಳಿಸುವುದಿಲ್ಲ. ಜ್ಯಾಕ್‌ನ ಗಲಾಟೆಗೆ ಅದು ಸರಿ, ಗಿಳಿಯ ಗುಟ್ಟಿಗೆ ಸರಿಯಲ್ಲ.

ಸಮಯ ಸಂಜೆ ನಾಲ್ಕೂವರೆಯಿಂದ ಆರೂವರೆ. ನೆರಳಾಟ ಇದ್ದರೆ ಒಂದು ಗಂಟೆ ಮುಂದಕ್ಕೆ ಹಾಕಿ. ಮೊದಲ ಅರ್ಧ ಗಂಟೆ ಕಿವಿ, ಕಿರೀಟ ಮಾಡುವುದಕ್ಕೆ ಬಿಡಿ. ತಡವಾಗಿ ಬರುವವರು ಬಂದೇ ಬರುತ್ತಾರೆ, ಆ ಹೊತ್ತಿನಲ್ಲಿ ಅವರು ಸೇರಿಕೊಳ್ಳಬಹುದು. ಆಮೇಲೆ ಕತೆ, ಆಟ, ಕೇಕು. ಕೇಕು ಮೊದಲೇ ಕತ್ತರಿಸಿದರೆ ಸಕ್ಕರೆ ತಲೆಗೇರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನನ್ನ ಕಾರಣ ಬೇರೆ: ಕೇಕು ಆದ ಮೇಲೆ ಅಮ್ಮಂದಿರು ಹೊರಡಲು ಚಪ್ಪಲಿ ಹುಡುಕುತ್ತಾರೆ.

ಕೈಕೊಡುಗೆಗೆ ಜ್ಯಾಕ್‌ನ ಕರಟ ಆಗಲೇ ಹೇಳಿದೆ. ಹ್ಯಾನ್ಸೆಲ್ ಗ್ರೆಟೆಲ್‌ಗೆ ಅವರು ಕಟ್ಟಿದ ಮನೆಯೇ ಕೊಡುಗೆ, ಒಯ್ಯಲು ರಟ್ಟಿನ ಡಬ್ಬ ಇಟ್ಟಿರಿ. ಇಲಿ ಕಿವಿ ತಲೆ ಮೇಲೇ ಮನೆಗೆ ಹೋಗುತ್ತದೆ. ಗಿಳಿಯ ಕತೆಗೆ ಸ್ವಲ್ಪ ಖರ್ಚು ಮಾಡುವ ಮನಸ್ಸಿದ್ದರೆ ಚನ್ನಪಟ್ಟಣದ ಅರಗಿನ ಬಣ್ಣದ ಬುಗುರಿ ಒಂದೊಂದು ಕೊಡಿ. ಬೆಂಗಳೂರು–ಮೈಸೂರು ಹಳೇ ರಸ್ತೆಯಲ್ಲಿ ಹೋಗಿಬರುವವರು ಯಾರಾದರೂ ಸಿಕ್ಕರೆ ತರಲು ಹೇಳಿ, ಬಣ್ಣ ಬೇರೆ ಬೇರೆ ಬೇಡ, ಎಲ್ಲ ಒಂದೇ ಬಣ್ಣ ಇರಲಿ.